ಹಾಲಿವುಡ್ ಹುಟ್ಟಿದ್ದು ವಠಾರದಲ್ಲಿ!

ಬಸ್ಸು ಬರೋದಕ್ಕೆ ಇನ್ನೂ ಹೊತ್ತಿದೆ ತಾನೇ? ಹಾಗಾದ್ರೆ ಮೊದಲು ಒಂದು ಸಣ್ಣ ಪರೀಕ್ಷೆ.

ಇಸ್ಸುರ್ ಡ್ಯಾನಿಯೆಲೋವಿಚ್, ಇಮ್ಯಾನುಯೆಲ್ ಗೋಲ್ಡನ್‌ಬರ್ಗ್, ಬರ್ನಾರ್ಡ್ ಶ್ವಾರ್ಟ್ಸ್, ಜೇಕಬ್ ಗಾರ್ಫಿಂಕಲ್... ಈ ನಾಲ್ಕು ಜನ ಹೀರೋಗಳಲ್ಲಿ ಯಾರ ಪಿಕ್ಚರ್ ನೋಡಿದ್ದೀರಿ?

"ಹೆಸರೇ ಕೇಳಿಲ್ಲ ಗುರೂ" ಅಂತೀರಿ. ಕೇಳಿದ್ದೀರಿ ಸ್ವಾಮಿ, ಖಂಡಿತ ಕೇಳಿದ್ದೀರಿ! ಮೊದಲನೆಯವನು ಕರ್ಕ್ ಡಗ್ಲಾಸ್, ‘ಸ್ಪಾರ್ಟಕಸ್’ (1960) ಚಿತ್ರದ ಗುಲಾಮ ವೀರ. ಎರಡನೆಯವನು ಎಡ್ವರ್ಡ್ ಜಿ. ರಾಬಿನ್‌ಸನ್, ‘ಲಿಟಲ್ ಸೀಸರ್’ (1931) ಚಿತ್ರದಲ್ಲಿ ಬಾಯಲ್ಲಿ ಚುಟ್ಟಾ ಕಚ್ಚಿಕೊಂಡು ಊರನ್ನೇ ನಡುಗಿಸಿದ ಖಳ. ಮೂರನೆಯವನು ಟೋನಿ ಕರ್ಟಿಸ್, ‘ಸಮ್ ಲೈಕ್ ಇಟ್ ಹಾಟ್’ (1959) ಚಿತ್ರದಲ್ಲಿ ಹೆಣ್ಣುವೇಷ ಹಾಕಿ ಮರ್ಲಿನ್ ಮನ್ರೋ ಪಕ್ಕದಲ್ಲೇ ಕೂತ ಪುಣ್ಯಾತ್ಮ. ನಾಲ್ಕನೆಯವನು ಜಾನ್ ಗಾರ್ಫೀಲ್ಡ್, ‘ಬಾಡಿ ಅಂಡ್ ಸೋಲ್’ (1947) ಚಿತ್ರದ ಬಾಕ್ಸರ್.

ನಾಲ್ಕೂ ಜನ ಯಹೂದಿ ಮನೆತನದವರು. ರಾಬಿನ್‌ಸನ್ ಚಿಕ್ಕ ಹುಡುಗನಾಗಿ ತಾನೇ ಹಡಗು ಹತ್ತಿ ರೊಮೇನಿಯಾದಿಂದ ಅಮೆರಿಕಕ್ಕೆ ಬಂದವನು. ಉಳಿದ ಮೂವರ ಅಪ್ಪ ಅಮ್ಮ ಹಡಗು ಹತ್ತಿ ಬಂದವರು. ತಮಾಷೆ ಏನಪ್ಪಾ ಅಂದ್ರೆ, ಇವರ ಚಿತ್ರ ತೆಗೆದ ದೊಡ್ಡ ದೊಡ್ಡ ಸ್ಟುಡಿಯೋಗಳ ಮಾಲೀಕರಲ್ಲೂ ಹೆಚ್ಚಿನವರು ಅದೇ ಹಡಗುಗಳಲ್ಲಿ ಬಂದ ಅದೇ ಜನ! ಮನೆ ತಮ್ಮದು, ಅಡುಗೆ ತಮ್ಮದು, ಬಡಿಸುವವರೂ ತಮ್ಮವರೇ. ಆದರೂ ಊಟಕ್ಕೆ ಕೂರುವಾಗ ಹೆಸರು ಮಾತ್ರ ಬೇರೆ! ಯಾಕೆ?

ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡ್ತಾ ಇತ್ತು. ಉತ್ತರ ಹುಡುಕುತ್ತಾ ಹೊರಟರೆ ಅದು ನನ್ನನ್ನು ಹಾಲಿವುಡ್ಡಿಗೆ ಕರೆದುಕೊಂಡು ಹೋಗಲಿಲ್ಲ. ನ್ಯೂಯಾರ್ಕಿನ ಒಂದು ಕೊಳಕು ಪೇಟೆಗೆ ಕರೆದುಕೊಂಡು ಹೋಯಿತು. ಆ ಪೇಟೆಯ ಹೆಸರು ಲೋವರ್ ಈಸ್ಟ್ ಸೈಡ್. ಬನ್ನಿ, ನೀವೂ ಜೊತೆಗೆ ಬನ್ನಿ.

ಹಡಗಿನ ಗಾಂಧಿ ಕ್ಲಾಸು!

1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರನನ್ನು ಬಾಂಬ್ ಹಾಕಿ ಕೊಂದರು. ಕೊಂದವರು ಕ್ರಾಂತಿಕಾರಿಗಳು. ಆದರೆ ಪೆಟ್ಟು ಬಿದ್ದದ್ದು ಯಹೂದಿಗಳಿಗೆ. ಊರೂರಲ್ಲಿ ಗುಂಪುಗಳು ಅವರ ಮನೆ ಅಂಗಡಿಗಳಿಗೆ ನುಗ್ಗಿದವು. ಮೊದಲೇ ಅವರು ಎಲ್ಲಿ ಬೇಕಾದರಲ್ಲಿ ವಾಸ ಮಾಡುವ ಹಾಗಿರಲಿಲ್ಲ. ಈಗ ಕಾನೂನು ಇನ್ನೂ ಬಿಗಿಯಾಯಿತು. ಬಡತನವಂತೂ ಕೇಳಲೇಬೇಡಿ. ಸರಿ, ಗಂಟು ಮೂಟೆ ಕಟ್ಟಿದರು. 1881ರಿಂದ 1924ರವರೆಗೆ ಪೂರ್ವ ಯೂರೋಪಿನಿಂದ ಅಮೆರಿಕಕ್ಕೆ ಬಂದ ಯಹೂದಿಗಳು ಸುಮಾರು 20 ಲಕ್ಷ!

ಬಂದದ್ದು ಹೇಗೆ? ಹಡಗಿನ ತಳದ ಅಂತಸ್ತಿನಲ್ಲಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಗಾಂಧಿ ಕ್ಲಾಸು. ಗಾಳಿಯಿಲ್ಲ, ಬೆಳಕಿಲ್ಲ, ಒಂದರ ಮೇಲೊಂದು ಮಲಗುವ ಹಲಗೆ. 1892ರ ಜನವರಿ 1ರಿಂದ ಅವರು ಇಳಿಯುತ್ತಿದ್ದದ್ದು ಎಲ್ಲಿಸ್ ದ್ವೀಪದಲ್ಲಿ. ಅಲ್ಲಿ ಡಾಕ್ಟರುಗಳು ಕಣ್ಣಿನ ರೆಪ್ಪೆ ಮಗುಚಿ ನೋಡೋರು. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕೋರು. ನೂರಕ್ಕೆ ಇಬ್ಬರನ್ನು ವಾಪಸ್ ಕಳಿಸಿದರು. ಸಣ್ಣ ಲೆಕ್ಕ ಅನ್ನಿಸುತ್ತೆ, ಆದರೆ ಆ ಇಬ್ಬರಲ್ಲಿ ನಿಮ್ಮಮ್ಮ ಇದ್ದರೆ?

ಇಲ್ಲೊಂದು ಮಾತು ಹೇಳಲೇಬೇಕು. ‘ಗಾಡ್‌ಫಾದರ್’ ಎರಡನೇ ಭಾಗ (1974) ನೋಡಿದವರಿಗೆ ಗೊತ್ತು, ದ್ವೀಪದ ಗುಮಾಸ್ತ ಪುಟ್ಟ ಹುಡುಗನ ಊರಿನ ಹೆಸರನ್ನೇ ಅವನ ಮನೆತನದ ಹೆಸರಾಗಿ ಬರೆದುಬಿಡ್ತಾನೆ. ಸೀನ್ ಏನೋ ಅದ್ಭುತ. ಆದರೆ ನಿಜದಲ್ಲಿ ಹಾಗೆ ಆಗ್ತಿರಲಿಲ್ಲ. ಹಡಗು ಹೊರಡುವ ಬಂದರಿನಲ್ಲೇ ಹೆಸರಿನ ಪಟ್ಟಿ ತಯಾರಾಗಿರುತ್ತಿತ್ತು. ದ್ವೀಪದ ಗುಮಾಸ್ತರು ಆ ಪಟ್ಟಿ ಹಿಡಿದು ತಾಳೆ ನೋಡುತ್ತಿದ್ದರು, ಅಷ್ಟೇ. ಭಾಷೆ ಬಲ್ಲ ದುಭಾಷಿಗಳೂ ಇದ್ದರು. ಹಾಗಾದರೆ ಹೆಸರು ಬದಲಾದದ್ದು ಎಲ್ಲಿ? ಆಮೇಲೆ, ಊರೊಳಗೆ. ಕೆಲಸಕ್ಕಾಗಿ, ಶಾಲೆಗಾಗಿ, ನಾಟಕಕ್ಕಾಗಿ, ಸಿನಿಮಾಕ್ಕಾಗಿ. ಹೆಸರನ್ನು ಯಾರೂ ಕಿತ್ತುಕೊಳ್ಳಲಿಲ್ಲ. ತಾವಾಗಿಯೇ ಬಿಟ್ಟುಕೊಟ್ಟರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೂರು ಕೋಣೆ, ಒಂದೇ ಕಡೆ ಕಿಟಕಿ

ಲೋವರ್ ಈಸ್ಟ್ ಸೈಡಿನ ಆರ್ಚರ್ಡ್ ಬೀದಿಯಲ್ಲಿ 97ನೇ ನಂಬರಿನ ಕಟ್ಟಡ ಇವತ್ತಿಗೂ ನಿಂತಿದೆ. 1863ರಲ್ಲಿ ಕಟ್ಟಿದ್ದು. ಐದು ಅಂತಸ್ತಿನ ವಠಾರ. ಒಂದೊಂದು ಮನೆ 325 ಚದರ ಅಡಿ. ಅದರಲ್ಲೇ ಮೂರು ಕೋಣೆ. ಗಾಳಿ ಬೆಳಕು ಬರೋದು ಒಂದೇ ಕೋಣೆಗೆ. ಅಲ್ಲಿ ಹಗಲು ಹೊಲಿಗೆ ಮೆಷಿನ್ನು, ರಾತ್ರಿ ಹಾಸಿಗೆ. ನಡುವಿನ ಕೋಣೆಯಲ್ಲಿ ಒಲೆ. ಒಳಗಿನ ಕತ್ತಲೆ ಕೋಣೆಯಲ್ಲಿ ಉಳಿದವರು. ಬಾಡಿಗೆ ಸಾಲದೇ ಬಂದರೆ ಊರ ಕಡೆಯ ಒಬ್ಬ ಬ್ರಹ್ಮಚಾರಿಯನ್ನು ದುಡ್ಡಿಗೆ ಇರಿಸಿಕೊಳ್ಳೋರು. ಪಾಯಿಖಾನೆ ಹಿತ್ತಲಲ್ಲಿ. 1901ರ ಕಾನೂನು ಬಂದ ಮೇಲೆ ಮಹಡಿಗೆ ಬಂತು, ಅದೂ ಎರಡು ಮನೆಗೆ ಒಂದು. 1935ರವರೆಗೆ ಆ ಒಂದು ಕಟ್ಟಡದಲ್ಲೇ ಬದುಕಿ ಹೋದವರು ಸುಮಾರು 7000 ಜನ ಅಂತ ಲೆಕ್ಕ. 1988ರಿಂದ ಅದು ಮ್ಯೂಸಿಯಂ.

ಹೊರಗೆ ಬಂದರೆ ಹೆಸ್ಟರ್ ಬೀದಿಯ ಸಂತೆ. ತಳ್ಳುಗಾಡಿಗಳ ಜಾತ್ರೆ ಅಂದರೆ ಜಾತ್ರೆ! ಉಪ್ಪು ಮೀನು, ಉಪ್ಪಿನಕಾಯಿ, ಗುಂಡಿ, ಕನ್ನಡಕ, ಹಳೇ ಕೋಟು. ಕೂಗುವ ಭಾಷೆ ಯಿಡ್ಡಿಶ್. ಜರ್ಮನ್ ಮೂಲದ ಭಾಷೆ, ಬರೆಯೋದು ಹೀಬ್ರೂ ಅಕ್ಷರದಲ್ಲಿ. ಶುಕ್ರವಾರ ಸೂರ್ಯ ಮುಳುಗಿದರೆ ಅವರ ವಾರದ ಪವಿತ್ರ ದಿನ ಶುರು. ಶನಿವಾರ ಕತ್ತಲಾಗುವವರೆಗೆ ದುಡಿಯುವಂತಿಲ್ಲ, ಒಲೆ ಹಚ್ಚುವಂತಿಲ್ಲ. ಆದರೆ ಅಮೆರಿಕದ ಫ್ಯಾಕ್ಟರಿಗೆ ರಜಾ ಭಾನುವಾರ! ದೇವರಿಗೆ ಶನಿವಾರ ಕೊಟ್ಟರೆ ಸಂಬಳ ಹೋಗುತ್ತೆ, ಫ್ಯಾಕ್ಟರಿಗೆ ಕೊಟ್ಟರೆ ಅಪ್ಪನ ಮುಖ ನೋಡೋ ಹಾಗಿಲ್ಲ. ಈ ಜಗಳ ಪ್ರತಿ ಮನೆಯಲ್ಲೂ ಇತ್ತು.

ಫ್ಯಾಕ್ಟರಿ ಅಂದರೆ ಬಟ್ಟೆ ಹೊಲಿಯುವ ಫ್ಯಾಕ್ಟರಿ. 1909ರ ನವೆಂಬರಿನಲ್ಲಿ ಕ್ಲಾರಾ ಲೆಮ್ಲಿಖ್ ಅನ್ನೋ ಹುಡುಗಿ, ದೊಡ್ಡ ದೊಡ್ಡ ಮುಖಂಡರ ಭಾಷಣ ಕೇಳಿ ಕೇಳಿ ಸಾಕಾಗಿ, ತಾನೇ ವೇದಿಕೆ ಹತ್ತಿ ಯಿಡ್ಡಿಶ್‌ನಲ್ಲಿ ಮುಷ್ಕರಕ್ಕೆ ಕರೆ ಕೊಟ್ಟಳು. ಹೊಲಿಗೆ ಹುಡುಗಿಯರು 20 ಸಾವಿರಕ್ಕೂ ಮೇಲೆ ಬೀದಿಗಿಳಿದರು. ಆದರೂ 1911ರ ಮಾರ್ಚ್ 25ರ ಶನಿವಾರ ಸಂಜೆ ಟ್ರಯಾಂಗಲ್ ಕಂಪನಿಯ ಕಟ್ಟಡಕ್ಕೆ ಬೆಂಕಿ ಬಿತ್ತು. ಒಂಬತ್ತನೇ ಅಂತಸ್ತಿನ ಬಾಗಿಲಿಗೆ ಬೀಗ. ಅಗ್ನಿಶಾಮಕರ ಏಣಿ ಮುಟ್ಟಿದ್ದು ಆರನೇ ಅಂತಸ್ತಿಗೆ ಮಾತ್ರ. ಸತ್ತವರು 146 ಜನ. ಬಹುಪಾಲು ಯಹೂದಿ ಮತ್ತು ಇಟಲಿಯ ಹುಡುಗಿಯರು, ಕೆಲವರಿಗೆ ಹದಿನಾಲ್ಕೇ ವರ್ಷ. ಮಾಲೀಕರು ಯಾರು? ಅವರೂ ಹಡಗಿನಲ್ಲಿ ಬಂದ ಯಹೂದಿಗಳೇ. ಕೋರ್ಟು ಅವರನ್ನು ಬಿಟ್ಟಿತು. ನಮ್ಮವರು ಅಂದ ಮಾತ್ರಕ್ಕೆ ಎಲ್ಲರೂ ನಮ್ಮವರಲ್ಲ ಗೆಳೆಯರೇ!

ಕಾಣೆಯಾದ ಗಂಡಂದಿರ ಫೋಟೋ!

ಹಾಗಂತ ಬರೀ ಗೋಳಲ್ಲ. ಒಂದೇ ಊರಿನಿಂದ ಬಂದವರು ಸೇರಿ ಊರಿನ ಹೆಸರಲ್ಲಿ ಸಂಘ ಕಟ್ಟೋರು. ವಾರಕ್ಕೆ ಇಷ್ಟು ಅಂತ ಚಂದಾ. ಕಾಯಿಲೆ ಬಿದ್ದರೆ ಸಂಘ ದುಡ್ಡು ಕೊಡೋದು, ಸತ್ತರೆ ಸಂಘದ ಜಾಗದಲ್ಲೇ ಮಣ್ಣು. ಹುಟ್ಟಿದ ಊರು ಬಿಟ್ಟು ಬಂದರೂ ಮಣ್ಣಾಗುವಾಗ ಅಕ್ಕಪಕ್ಕ ಊರವರೇ!

ಇನ್ನು ಪತ್ರಿಕೆ. 1897ರಲ್ಲಿ ಶುರುವಾದ ‘ಫೋರ್‌ವರ್ಟ್ಸ್’ ಅನ್ನೋ ಯಿಡ್ಡಿಶ್ ದಿನಪತ್ರಿಕೆಯನ್ನು ಎತ್ತರಕ್ಕೆ ಒಯ್ದ ಸಂಪಾದಕ ಏಬ್ರಹಾಂ ಕಾಹನ್. 1906ರಲ್ಲಿ ಅವನು ಓದುಗರ ಪತ್ರಗಳಿಗೆ ಉತ್ತರ ಕೊಡುವ ಒಂದು ಅಂಕಣ ಶುರು ಮಾಡಿದ. ಅದರ ಹೆಸರಿನ ಅರ್ಥ ‘ಒಂದು ಕಟ್ಟು ಕಾಗದ’. ಪ್ರೇಮ, ಮದುವೆ, ಮಾಲೀಕನ ಕಾಟ, ದೇವರಿದ್ದಾನೋ ಇಲ್ಲವೋ... ಎಲ್ಲಾ ಪ್ರಶ್ನೆಗೂ ಅಲ್ಲಿ ಜಾಗ. ನಮ್ಮ ಪುಟಗಳಲ್ಲಿ ಪ್ರಶ್ನೋತ್ತರ ಮೊದಲು ತಿರುವಿ ನೋಡುವ ನಿಮಗೆ ಅದರ ರುಚಿ ಹೇಳಿಕೊಡಬೇಕೇ? ಇದರ ಜೊತೆಗೆ, ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದ ಗಂಡಂದಿರ ಫೋಟೋಗಳನ್ನು ಸಾಲಾಗಿ ಅಚ್ಚು ಹಾಕೋರು! ಅಮೆರಿಕದ ಗಾಳಿ ತಗುಲಿದ ಗಂಡನಿಗೆ ಹಳ್ಳಿ ಹೆಂಡತಿ ನಾಚಿಕೆ ಅನ್ನಿಸುತ್ತಿದ್ದ ಕಾಲ ಅದು. ಈ ಮಾತನ್ನೂ ನೆನಪಿಟ್ಟುಕೊಳ್ಳಿ.

ಅಭಿಮಾನಿ ದೇವರುಗಳು

ಈಗ ಬಂತು ನೋಡಿ ನಮ್ಮ ಸಬ್ಜೆಕ್ಟು! ರಷ್ಯಾದಲ್ಲಿ 1883ರಲ್ಲಿ ಯಿಡ್ಡಿಶ್ ನಾಟಕಕ್ಕೆ ನಿಷೇಧ ಬಿತ್ತು. ಕಂಪನಿಗಳು ದೇಶ ಬಿಟ್ಟವು. ನ್ಯೂಯಾರ್ಕಿನ ಬೋವರಿ ಬೀದಿಯಲ್ಲಿ, ಆಮೇಲೆ ಸೆಕೆಂಡ್ ಅವೆನ್ಯೂದಲ್ಲಿ ಸಾಲು ಸಾಲು ನಾಟಕ ಮಂದಿರ ಎದ್ದವು. ವಾರದ ದಿನಗಳ ಆಟಗಳನ್ನು ಊರ ಸಂಘಗಳು, ಕಾರ್ಮಿಕ ಸಂಘಗಳು ಪೂರಾ ಒಟ್ಟಿಗೆ ಕಡಿಮೆ ದರಕ್ಕೆ ಕೊಂಡುಕೊಂಡು, ಟಿಕೆಟ್ ಮಾರಿ ಸಂಘದ ನಿಧಿಗೆ ಹಾಕಿಕೊಳ್ಳೋರು. ನಮ್ಮ ಕಡೆ ಸಹಾಯಾರ್ಥ ಪ್ರದರ್ಶನ ಇದ್ದ ಹಾಗೇ!

ಜೇಕಬ್ ಆಡ್ಲರ್, ಬೋರಿಸ್ ತೊಮಾಶೆಫ್ಸ್ಕಿ, ಡೇವಿಡ್ ಕೆಸ್ಲರ್, ಈ ಮೂವರು ಅಲ್ಲಿನ ಸೂಪರ್ ಸ್ಟಾರ್‌ಗಳು. ಒಬ್ಬೊಬ್ಬರಿಗೂ ಅಭಿಮಾನಿ ಬಳಗ. ಆ ಅಭಿಮಾನಿಗಳಿಗೆ ಇದ್ದ ಹೆಸರು ‘ಪೇಟ್ರಿಯಾಟನ್’, ಅಂದರೆ ದೇಶಭಕ್ತರು! ದೇಶ ಬಿಟ್ಟು ಬಂದವರಿಗೆ ಹೀರೋನೇ ದೇಶ. ತಮ್ಮ ಹೀರೋ ಬಂದಾಗ ಗ್ಯಾಲರಿಯಿಂದ ಕೂಗು, ಎದುರಾಳಿ ಹೀರೋ ಬಂದರೆ ಗಲಾಟೆ, ಬೀದಿಯಲ್ಲಿ ಕೈ ಕೈ ಮಿಲಾಯಿಸಿದ್ದೂ ಉಂಟು. ಯಾರಾದರೂ "ಅಭಿಮಾನಿಗಳ ಹುಚ್ಚು ಈಗಿನ ಕಾಲದ್ದು" ಅಂದರೆ ಈ ಕಥೆ ಹೇಳಿ!

1892ರಲ್ಲಿ ಆಡ್ಲರ್ ‘ಯಹೂದಿ ಕಿಂಗ್ ಲಿಯರ್’ ಆಡಿದ. ಮಕ್ಕಳಿಗೆ ಆಸ್ತಿ ಹಂಚಿ ಬೀದಿಪಾಲಾದ ಮುದುಕ. ಹಿಂದಿನ ದಿನ ನಾಟಕ ನೋಡಿದ ಹುಡುಗರು ಮರುದಿನ ಬೆಳಿಗ್ಗೆ ಬ್ಯಾಂಕಿನ ಮುಂದೆ ಸಾಲು ನಿಂತಿದ್ದರಂತೆ. ಯಾಕೆ? ಊರಲ್ಲಿರುವ ಅಪ್ಪ ಅಮ್ಮನಿಗೆ ದುಡ್ಡು ಕಳಿಸೋಕೆ! ಇದು ಆ ಪೇಟೆಯಲ್ಲಿ ತಲೆಮಾರಿನಿಂದ ಹೇಳಿಕೊಂಡು ಬಂದ ಕಥೆ. ಒಂದು ನಾಟಕಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗಂತೂ ತೋಚೋದಿಲ್ಲ.

ಇನ್ನೊಂದು ಗುಟ್ಟು ಹೇಳ್ತೀನಿ. ಈ ಆಡ್ಲರನ ಮಗಳು ಸ್ಟೆಲ್ಲಾ ಆಡ್ಲರ್. ಆಕೆಯ ಶಿಷ್ಯ ಯಾರು ಗೊತ್ತೇ? ಮರ್ಲಾನ್ ಬ್ರಾಂಡೋ! ಗಾಡ್‌ಫಾದರನ ನಟನೆಯ ಬೇರು ಯಿಡ್ಡಿಶ್ ನಾಟಕ ಕಂಪನಿಯ ಮಗಳ ಕೈಯಲ್ಲಿತ್ತು. ಗುಬ್ಬಿ ಕಂಪನಿಯ ರಂಗದಿಂದ ನಮ್ಮ ಬೆಳ್ಳಿತೆರೆಗೆ ನಟರು ಬಂದ ಹಾಗೆ, ಅಲ್ಲೂ ರಂಗವೇ ತಾಯಿ.

ಐದು ಸೆಂಟಿನ ಕತ್ತಲೆ

ನಾಟಕದ ಟಿಕೆಟ್ಟಿಗೂ ದುಡ್ಡಿಲ್ಲದವರು ಎಲ್ಲಿ ಹೋಗಬೇಕು? 1905ರ ಹೊತ್ತಿಗೆ ಅಂಗಡಿ ಮಳಿಗೆಗಳಲ್ಲಿ ಬೆಂಚು ಹಾಕಿ, ಬಿಳಿ ಪರದೆ ಕಟ್ಟಿ ಮೂಕಿ ಚಿತ್ರ ತೋರಿಸೋ ಜಾಗಗಳು ಹುಟ್ಟಿಕೊಂಡವು. ಟಿಕೆಟ್ ಐದು ಸೆಂಟು. ಇಂಗ್ಲಿಷ್ ಬರಬೇಕಾಗಿಲ್ಲ. ನಗೋದಕ್ಕೆ, ಅಳೋದಕ್ಕೆ ಭಾಷೆ ಯಾಕೆ? ಹೊಲಿಗೆ ಹುಡುಗಿ, ತಳ್ಳುಗಾಡಿ ಹುಡುಗ, ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಿ, ಎಲ್ಲರೂ ಒಂದೇ ಬೆಂಚು. ದೊಡ್ಡ ಮನುಷ್ಯರು ಮೂಗು ಮುಚ್ಚಿಕೊಂಡು ದೂರ ಹೋದರು. ಅದೇ ಇವರಿಗೆ ಅವಕಾಶವಾಯಿತು!

ಅಡಾಲ್ಫ್ ಜೂಕರ್, ಹಂಗೇರಿಯ ಅನಾಥ ಹುಡುಗ. ಕೋಟಿನ ಒಳಗೆ ಹೊಲಿದಿಟ್ಟ ನಾಲ್ವತ್ತು ಡಾಲರ್ ಹಿಡಿದು ಬಂದು ತುಪ್ಪಳದ ಕೋಟಿನ ವ್ಯಾಪಾರಕ್ಕೆ ಇಳಿದ. ಆಮೇಲೆ ಪ್ಯಾರಮೌಂಟ್ ಕಟ್ಟಿದ. ವಿಲಿಯಂ ಫಾಕ್ಸ್, ಕೈಗೂಸಾಗಿ ಹಂಗೇರಿಯಿಂದ ಬಂದು ಲೋವರ್ ಈಸ್ಟ್ ಸೈಡಿನಲ್ಲೇ ಬೆಳೆದು ಬಟ್ಟೆ ಫ್ಯಾಕ್ಟರಿಯಲ್ಲಿ ದುಡಿದವನು. ಮೊದಲ ಬಯಾಸ್ಕೋಪ್ ಇಟ್ಟಾಗ ಜನ ಬರಲಿಲ್ಲ. ಬಾಗಿಲಲ್ಲಿ ಒಬ್ಬ ಜಾದೂಗಾರನನ್ನು ನಿಲ್ಲಿಸಿದ, ಜನ ಮೆಟ್ಟಿಲು ಹತ್ತಿದರು! ಮಾರ್ಕಸ್ ಲೋ, ಅದೇ ಪೇಟೆಯಲ್ಲೇ ಹುಟ್ಟಿದವನು. ಮುಂದೆ ಎಂ.ಜಿ.ಎಂ. ಅವನ ಕಂಪನಿಯ ಕೂಸಾಯಿತು. ಬೇರೆ ಊರುಗಳಲ್ಲೂ ಇದೇ ಕಥೆ. ವಾರ್ನರ್ ಸಹೋದರರು ಪೋಲೆಂಡಿನಿಂದ ಬಂದ, ಜೋಡು ರಿಪೇರಿ ಮಾಡುವವನ ಮಕ್ಕಳು. ಮೊದಲ ಥಿಯೇಟರಿಗೆ ಕುರ್ಚಿ ಸಾಲದೆ, ಪಕ್ಕದಲ್ಲಿದ್ದ ಶವಸಂಸ್ಕಾರದವನ ಕುರ್ಚಿಗಳನ್ನು ಕಡ ತಂದರು ಅಂತ ಹೇಳ್ತಾರೆ. ಯಾರಾದ್ರೂ ಸತ್ತರೆ ಆಟದಲ್ಲಿ ಜನ ನಿಂತುಕೊಂಡು ನೋಡಬೇಕು! ಲೂಯಿ ಬಿ. ಮೇಯರನ ಅಪ್ಪ ಗುಜರಿ ವ್ಯಾಪಾರಿ. ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಕೈಗವಸು ಮಾರುತ್ತಿದ್ದವನು. ಯೂನಿವರ್ಸಲ್ ಕಟ್ಟಿದ ಜರ್ಮನಿಯ ಕಾರ್ಲ್ ಲೆಮ್ಲೆ ಬಟ್ಟೆ ಅಂಗಡಿಯಲ್ಲಿ ಇದ್ದವನು.

ಇವರೆಲ್ಲ ಬಟ್ಟೆ, ತುಪ್ಪಳ, ಗ್ಲೌಸು ಮಾರಿದವರು. ಗಿರಾಕಿಗೆ ಏನು ಬೇಕು ಅಂತ ಕಣ್ಣಲ್ಲೇ ಅಳೆಯೋರು. ಬೆಂಚಿನ ಮೇಲೆ ಕೂತ ಪ್ರೇಕ್ಷಕ ಬೇರೆ ಯಾರೂ ಅಲ್ಲ, ನಿನ್ನೆಯ ತಾವೇ!

ಜಗಳವಿಲ್ಲದೆ ಏನೂ ಸಿಗಲಿಲ್ಲ. 1908ರ ಡಿಸೆಂಬರ್ 24ರಂದು ನ್ಯೂಯಾರ್ಕಿನ ಮೇಯರ್ ಒಂದೇ ಏಟಿಗೆ ನಗರದ ಐದು ಸೆಂಟಿನ ಸಿನಿಮಾ ಮಂದಿರಗಳ ಲೈಸೆನ್ಸ್ ರದ್ದು ಮಾಡಿದ. ಫಾಕ್ಸ್ ಉಳಿದ ಪ್ರದರ್ಶಕರನ್ನು ಸೇರಿಸಿ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದ. ಅದೇ ತಿಂಗಳು ಎಡಿಸನ್ ಮತ್ತಿತರ ಪೇಟೆಂಟ್ ಮಾಲೀಕರು ಕೂಟ ಕಟ್ಟಿ, ಕ್ಯಾಮೆರಾ ಪ್ರೊಜೆಕ್ಟರ್ ಎಲ್ಲಾ ನಮ್ಮ ಹಿಡಿತದಲ್ಲಿ ಅಂದರು. ಫಾಕ್ಸ್, ಲೆಮ್ಲೆ ತಲೆಬಾಗಲಿಲ್ಲ. 1915ರಲ್ಲಿ ನ್ಯಾಯಾಲಯ ಆ ಕೂಟ ಕಾನೂನುಬಾಹಿರ ಅಂತು. ಬಡವರ ಐದು ಸೆಂಟು ಗೆದ್ದಿತು ಸ್ವಾಮಿ!

ಮೊದಲ ಟಾಕಿಯ ಕಣ್ಣೀರು

1927ರ ಅಕ್ಟೋಬರ್ 6. ನ್ಯೂಯಾರ್ಕಿನಲ್ಲಿ ವಾರ್ನರ್ ಸಹೋದರರ ‘ದಿ ಜಾಝ್ ಸಿಂಗರ್’ ಬಿಡುಗಡೆ. ಪೂರ್ಣ ಪ್ರಮಾಣದ ಕಥಾಚಿತ್ರದಲ್ಲಿ ನಾಯಕ ಮೊದಲ ಬಾರಿ ಬಾಯಿಬಿಟ್ಟು ಮಾತಾಡಿದ, ಹಾಡಿದ. ಎಲ್ಲರಿಗೂ ಇಷ್ಟು ಗೊತ್ತು. ಕಥೆ ಏನು ಅಂತ ಎಷ್ಟು ಜನಕ್ಕೆ ಗೊತ್ತು?

ಲೋವರ್ ಈಸ್ಟ್ ಸೈಡಿನ ಹುಡುಗ ಜೇಕಿ ರಾಬಿನೋವಿಟ್ಸ್. ಅಪ್ಪ ಪ್ರಾರ್ಥನಾ ಮಂದಿರದಲ್ಲಿ ಹಾಡುವವರು, ಐದು ತಲೆಮಾರಿನಿಂದ ಅದೇ ಕಾಯಕ. ಮಗನಿಗೆ ಜಾಝ್ ಹುಚ್ಚು. ಅಪ್ಪ ಹೊಡೆದ, ಮಗ ಮನೆ ಬಿಟ್ಟ, ಜ್ಯಾಕ್ ರಾಬಿನ್ ಅಂತ ಹೆಸರು ಬದಲಿಸಿಕೊಂಡ. ದೊಡ್ಡ ನಾಟಕದ ಮೊದಲ ಆಟದ ರಾತ್ರಿ ಬಂತು. ಅದೇ ರಾತ್ರಿ ಯಹೂದಿಗಳ ಅತಿ ಪವಿತ್ರ ಪ್ರಾಯಶ್ಚಿತ್ತದ ದಿನದ ಪ್ರಾರ್ಥನೆ. ಅಪ್ಪ ಸಾಯುವ ಹಾಸಿಗೆಯಲ್ಲಿ. ಹಾಡುವವರಿಲ್ಲ. ರಂಗಕ್ಕೆ ಹೋಗಬೇಕೋ, ಅಪ್ಪನ ಜಾಗದಲ್ಲಿ ನಿಲ್ಲಬೇಕೋ?

ಮಗ ಅಪ್ಪನ ಜಾಗದಲ್ಲಿ ನಿಂತ. ಕಿಟಕಿಯಿಂದ ಆ ದನಿ ಕೇಳುತ್ತಾ ಅಪ್ಪ ಕಣ್ಣು ಮುಚ್ಚಿದ. ಆಮೇಲೆ ರಂಗವೂ ಅವನಿಗೆ ಸಿಗುತ್ತೆ. ಸಿನಿಮಾ ಅಲ್ಲವೇ, ಎರಡನ್ನೂ ಕೊಟ್ಟಿತು. ಜೀವನ ಕೊಡುತ್ತದೆಯೇ? ನಾಯಕ ಆಲ್ ಜೋಲ್ಸನ್ ತಾನೇ ಅಂಥ ಅಪ್ಪನ ಮಗ, ಹುಟ್ಟು ಹೆಸರು ಆಸಾ ಯೋಯೆಲ್ಸನ್. ಅವನು ಆರಿಸಿಕೊಂಡದ್ದು ರಂಗವನ್ನೇ.

ಒಂದು ಕಹಿ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತೆ. ಈ ಚಿತ್ರದಲ್ಲಿ ಜೋಲ್ಸನ್ ಮುಖಕ್ಕೆ ಮಸಿ ಬಳಿದುಕೊಂಡು ಹಾಡ್ತಾನೆ. ಕಪ್ಪು ಜನರನ್ನು ಗೇಲಿ ಮಾಡುವ ಆ ಕಾಲದ ಕೆಟ್ಟ ಚಾಳಿ ಅದು. ತಾನೇ ಅಟ್ಟಿಸಿಕೊಂಡು ಬಂದವನು, ಒಳಗೆ ಸೇರಿಕೊಳ್ಳೋಕೆ ಇನ್ನೊಬ್ಬನ ಮುಖ ಹಾಕಿಕೊಳ್ಳಬೇಕಾಯಿತು.

ಆ ರಾತ್ರಿ ಥಿಯೇಟರಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆದರೆ ವಾರ್ನರ್ ಸಹೋದರರು ಒಬ್ಬರೂ ಇರಲಿಲ್ಲ. ಸಿನಿಮಾಕ್ಕೆ ಮಾತು ಬರಿಸಲು ಹಠ ಹಿಡಿದಿದ್ದ ಸ್ಯಾಮ್ ವಾರ್ನರ್ ಹಿಂದಿನ ದಿನವಷ್ಟೇ ತೀರಿಕೊಂಡಿದ್ದ. ಬಿಡುಗಡೆಯಾದ ಆ ದಿನ ಪ್ರಾಯಶ್ಚಿತ್ತದ ದಿನವೇ ಆಗಿತ್ತು. ಯಾವ ಕಥೆಗಾರ ಇಂಥ ಕ್ಲೈಮ್ಯಾಕ್ಸ್ ಬರೆದಾನು!

ಚೀಟಿಯಲ್ಲಿ ಮಾತ್ರ ಕಂಡ ಪದ

ಮಾತು ಬಂತು. ಆದರೆ ತಮ್ಮ ಮಾತನ್ನೇ ಆಡಲಿಲ್ಲ! 1937ರಲ್ಲಿ ವಾರ್ನರ್ ಕಂಪನಿ ‘ದಿ ಲೈಫ್ ಆಫ್ ಎಮಿಲ್ ಜೋಲಾ’ ತೆಗೆಯಿತು. ಫ್ರಾನ್ಸಿನಲ್ಲಿ ಡ್ರೇಫಸ್ ಅನ್ನೋ ಸೇನಾಧಿಕಾರಿಯನ್ನು, ಅವನು ಯಹೂದಿ ಅನ್ನೋ ದ್ವೇಷದಿಂದ, ದೇಶದ್ರೋಹಿ ಅಂತ ಜೈಲಿಗೆ ಹಾಕಿದ ನಿಜ ಕಥೆ. ಇಡೀ ಚಿತ್ರದಲ್ಲಿ ‘ಯಹೂದಿ’ ಅನ್ನೋ ಪದ ಯಾರ ಬಾಯಲ್ಲೂ ಬರೋದಿಲ್ಲ! ಒಂದು ಕಾಗದದ ಮೇಲೆ ಕ್ಷಣಕಾಲ ಬರಹದಲ್ಲಿ ಕಾಣುತ್ತೆ, ಅಷ್ಟೇ. ಜೋಲಾ ಪಾತ್ರ ಮಾಡಿದವನು ಪಾಲ್ ಮುನಿ. ಅವನ ಹುಟ್ಟು ಹೆಸರು ಮೆಶಿಲೆಂ ಮೈಯರ್ ವೈಸೆನ್‌ಫ್ರಾಯಿಂಡ್. ಬೆಳೆದದ್ದು ಯಿಡ್ಡಿಶ್ ರಂಗದಲ್ಲಿ. ಚಿತ್ರಕ್ಕೆ ವರ್ಷದ ಅತ್ಯುತ್ತಮ ಚಿತ್ರ ಅಂತ ಆಸ್ಕರ್ ಬಂತು.

ಯಾಕೆ ಹೀಗೆ? ಭಯ. ಜರ್ಮನಿಯಲ್ಲಿ ಹಿಟ್ಲರ್ ಕೂತಿದ್ದ. ಅಮೆರಿಕದಲ್ಲೇ "ಸಿನಿಮಾ ಯಹೂದಿಗಳ ಕೈಗೆ ಹೋಯ್ತು" ಅಂತ ಕೂಗುವವರು ಕಡಿಮೆ ಇರಲಿಲ್ಲ. ನಾವು ಕಣ್ಣಿಗೆ ಬಿದ್ದರೆ ಕಲ್ಲು ಬೀಳುತ್ತೆ, ತೆರೆಯ ಹಿಂದೆ ಇರೋಣ ಅಂದುಕೊಂಡರು. 1947ರಲ್ಲಿ ಯಹೂದಿ ದ್ವೇಷದ ಬಗ್ಗೆ ನೇರವಾಗಿ ಮಾತಾಡಿದ ‘ಜೆಂಟಲ್‌ಮನ್ಸ್ ಅಗ್ರಿಮೆಂಟ್’ ತೆಗೆದ ಡ್ಯಾರಿಲ್ ಝಾನುಕ್ ಯಹೂದಿಯೇ ಅಲ್ಲ! ಆದರೆ ಎಲ್ಲರೂ ಬರೀ ಹೆದರಿ ಕೂತರು ಅನ್ನೋದು ಅನ್ಯಾಯ. ಲೆಮ್ಲೆ ಮುದುಕ 1939ರಲ್ಲಿ ಸಾಯುವ ತನಕ, ತಾನೇ ಜಾಮೀನು ನಿಂತು ಜರ್ಮನಿಯಿಂದ ನೂರಾರು ಯಹೂದಿಗಳನ್ನು ಪಾರು ಮಾಡಿದ. ಮಾಡಲೇಬೇಕಿತ್ತು. 1924ರ ಕಾನೂನು ಅಮೆರಿಕದ ಬಾಗಿಲನ್ನು ಬಹುಪಾಲು ಮುಚ್ಚಿಬಿಟ್ಟಿತ್ತು.

ಹೆಸರು ಬದಲಿಸೋದು ನಮಗೇನು ಹೊಸದಲ್ಲ. ನಮ್ಮ ಮುತ್ತುರಾಜ್ 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. ಹಿಂದಿ ಚಿತ್ರರಂಗದಲ್ಲಿ ಭಾರತದ ಯಹೂದಿ ಹೆಣ್ಣುಮಕ್ಕಳೇ ಮಿಂಚಿದ್ದರು. ಮೂಕಿ ಕಾಲದ ರಾಣಿ ಸುಲೋಚನಾ ಅಂದರೆ ರೂಬಿ ಮೇಯರ್ಸ್, ‘ಶ್ರೀ 420’ (1955) ಚಿತ್ರದ ನಾದಿರಾ ಅಂದರೆ ಫ್ಲಾರೆನ್ಸ್ ಎಜಕಿಯೆಲ್. ಆದರೆ ಅಣ್ಣಾವ್ರು ಹೆಸರು ಬದಲಿಸಿದರೂ ಗ್ರಾಮದ ಮಾತು ಬಿಡಲಿಲ್ಲ, ಅಪ್ಪ ಅಮ್ಮನ ಹೆಸರು ಮುಚ್ಚಿಡಲಿಲ್ಲ. ಬಟ್ಟೆ ಬದಲಿಸೋದು ಬೇರೆ, ಚರ್ಮ ಬದಲಿಸೋದು ಬೇರೆ.

ಕರ್ಕ್ ಡಗ್ಲಾಸ್ ವಿಷಯಕ್ಕೆ ಬನ್ನಿ. ಅಪ್ಪ ಚಿಂದಿ ಕೊಂಡು ಮಾರುವವನು. ಅಮ್ಮನಿಗೆ ಓದು ಬರಹ ಇಲ್ಲ. ಮಗ ತನ್ನ ಹೆಸರು ಬಿಟ್ಟ, ಆದರೆ ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿದಾಗ ಅದಕ್ಕಿಟ್ಟ ಹೆಸರು ‘ಬ್ರೈನಾ’. ಅದು ಅಮ್ಮನ ಹೆಸರು! ‘ಸ್ಪಾರ್ಟಕಸ್’ ತೆಗೆದದ್ದು ಅದೇ ಕಂಪನಿ. 1988ರಲ್ಲಿ ಆತ್ಮಕಥೆ ಬರೆದು ‘ಚಿಂದಿಯವನ ಮಗ’ ಅಂತಲೇ ಶೀರ್ಷಿಕೆ ಕೊಟ್ಟ. ಮುಚ್ಚಿಟ್ಟದ್ದನ್ನು ಕೊನೆಗೆ ತಾನೇ ತೆರೆದಿಟ್ಟ.

ಬೀದಿ ತೆರೆಗೆ ಬಂತು

ಹಾಗಾದರೆ ಆ ಬೀದಿ ತನ್ನದೇ ಮಾತಿನಲ್ಲಿ ತೆರೆಗೆ ಬರಲೇ ಇಲ್ಲವೇ? 1930ರ ದಶಕದಲ್ಲಿ ಸಣ್ಣ ಬಂಡವಾಳದ ಯಿಡ್ಡಿಶ್ ಚಿತ್ರಗಳು ಬಂದವು. 1939ರಲ್ಲಿ ಮಾರಿಸ್ ಶ್ವಾರ್ಟ್ಸ್ ‘ತೆವ್ಯಾ’ ತೆಗೆದ. ಆ ನಂತರ ಯುದ್ಧ. ಯೂರೋಪಿನ ಯಿಡ್ಡಿಶ್ ಪ್ರೇಕ್ಷಕರನ್ನೇ ಹಿಟ್ಲರ್ ಕೊಂದು ಹಾಕಿದ.

ದೊಡ್ಡ ಉತ್ತರ ಬಂದದ್ದು 1975ರಲ್ಲಿ, ಒಬ್ಬ ಹೆಣ್ಣುಮಗಳಿಂದ. ಜೋನ್ ಮಿಕ್ಲಿನ್ ಸಿಲ್ವರ್. ಹೆಂಗಸು ನಿರ್ದೇಶಕಿ ಅಂದರೆ ಇನ್ನೊಂದು ತಲೆನೋವು ಅಂತ ಸ್ಟುಡಿಯೋದವರು ಮುಖದ ಮೇಲೇ ಹೇಳಿದ್ದರು. ಆಕೆಯ ಗಂಡ ಅವರಿವರನ್ನು ಕೇಳಿ ಸುಮಾರು 3 ಲಕ್ಷ 70 ಸಾವಿರ ಡಾಲರ್ ಜೋಡಿಸಿದರು. ಕಪ್ಪು ಬಿಳುಪು, ಅರ್ಧ ಮಾತು ಯಿಡ್ಡಿಶ್, ದೊಡ್ಡ ತಾರೆ ಇಲ್ಲ. ಹೆಸರು ‘ಹೆಸ್ಟರ್ ಸ್ಟ್ರೀಟ್’. ಕಥೆ ಯಾರದ್ದು? ‘ಫೋರ್‌ವರ್ಟ್ಸ್’ನ ಅದೇ ಸಂಪಾದಕ ಕಾಹನ್ 1896ರಲ್ಲಿ ಬರೆದ ಕಾದಂಬರಿ!

ನಾನು ಈ ಚಿತ್ರ ಎರಡು ಸಲ ನೋಡಿದೆ. ಗಂಡ ಯೆಂಕಲ್ ಮೊದಲೇ ಬಂದು ‘ಜೇಕ್’ ಆಗಿದ್ದಾನೆ. ಗಡ್ಡ ಬೋಳಿಸಿ, ಹ್ಯಾಟು ಹಾಕಿ, ಇನ್ನೊಬ್ಬಳ ಜೊತೆ ಓಡಾಡ್ತಾ ಇದ್ದಾನೆ. ಹಳ್ಳಿಯಿಂದ ಹೆಂಡತಿ ಗಿಟ್ಲ್ ಮಗನ ಜೊತೆ ಬಂದಿಳಿಯುತ್ತಾಳೆ. ಮದುವೆಯಾದವಳು ತಲೆಕೂದಲು ತೋರಿಸಬಾರದು ಅನ್ನೋ ಸಂಪ್ರದಾಯದ ಪ್ರಕಾರ ತಲೆಗೆ ಚೌರಿ. ಅವನಿಗೆ ನಾಚಿಕೆ! ಮಗ ಯೊಸೆಲೆಯನ್ನು ‘ಜೋಯಿ’ ಅಂತಾನೆ, ಅವನ ಕಿವಿಯ ಪಕ್ಕದ ಜುಟ್ಟು ಕತ್ತರಿಸ್ತಾನೆ. ಗಿಟ್ಲ್ ಕೂಗಾಡೋದಿಲ್ಲ. ನೋಡ್ತಾಳೆ, ಕಲೀತಾಳೆ. ಕೊನೆಗೆ ವಿಚ್ಛೇದನಕ್ಕೆ ಕೂತಾಗ ಆ ಇನ್ನೊಬ್ಬಳು ಕೂಡಿಟ್ಟ ದುಡ್ಡನ್ನೆಲ್ಲ ಪರಿಹಾರವಾಗಿ ತನ್ನ ಕಡೆಗೆ ಬರುವಂತೆ ಮಾಡ್ತಾಳೆ! ಗಂಡ ಅಮೆರಿಕನ್ ಆಗೋಕೆ ಹೋಗಿ ಬರಿಗೈ ಆದ. ಅವಳು ತಾನಾಗಿಯೇ ಉಳಿದು ಅಮೆರಿಕವನ್ನು ಗೆದ್ದಳು. ಗಿಟ್ಲ್ ಆಗಿ ನಟಿಸಿದ ಕ್ಯಾರಲ್ ಕೇನ್ ಅವರ ಹೆಸರು ಆಸ್ಕರ್ ಅತ್ಯುತ್ತಮ ನಟಿ ಪಟ್ಟಿಗೆ ಬಂತು. ಹಂಚಿಕೆದಾರರು ಮುಟ್ಟದ ಚಿತ್ರ ಸುಮಾರು 50 ಲಕ್ಷ ಡಾಲರ್ ಗಳಿಸಿತು.

ನನ್ನ ಮೊದಲ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಇಲ್ಲೇ. ಹೆಸರು ಬಿಟ್ಟವರು ಹೇಡಿಗಳಲ್ಲ. ಐದು ಸೆಂಟಿನ ಬೆಂಚಿನಿಂದ ಎದ್ದು ಜಗತ್ತಿಗೇ ಕನಸು ಮಾರಿದವರು. ಆದರೆ ಕನಸಿನೊಳಗೆ ಅಮ್ಮನ ಮಾತಿಗೆ ಜಾಗ ಇಡಲಿಲ್ಲ. ಜಾಗ ಸಿಗೋಕೆ ‘ಜಾಝ್ ಸಿಂಗರ್’ ಆದ ಮೇಲೆ 48 ವರ್ಷ ಬೇಕಾಯ್ತು. ಸಿಕ್ಕಾಗ ಜನ ಬಂದರು, ಟಿಕೆಟ್ ಕೊಂಡರು. ಹೆದರಿದ್ದು ಮಾಲೀಕರು, ಪ್ರೇಕ್ಷಕ ಅಲ್ಲ!

ಇವತ್ತು ಆ ಪೇಟೆಯಲ್ಲಿ ತಳ್ಳುಗಾಡಿಗಳಿಲ್ಲ. ‘ಫೋರ್‌ವರ್ಟ್ಸ್’ನ ಹತ್ತಂತಸ್ತಿನ ಕಟ್ಟಡದಲ್ಲಿ ಈಗ ದುಬಾರಿ ಫ್ಲಾಟುಗಳು, ಪತ್ರಿಕೆಯ ಅಚ್ಚು ಕೂಡ 2019ರಲ್ಲಿ ನಿಂತಿತು. ಆದರೆ ಸೆಕೆಂಡ್ ಅವೆನ್ಯೂದಲ್ಲಿ 1926ರಲ್ಲಿ ಮಾರಿಸ್ ಶ್ವಾರ್ಟ್ಸನ ಯಿಡ್ಡಿಶ್ ನಾಟಕಗಳಿಗೆಂದು ಕಟ್ಟಿದ ಮಂದಿರ ಈಗಲೂ ಇದೆ. ಅದು ಈಗ ಸಿನಿಮಾ ಥಿಯೇಟರು! ದೀಪ ಆರುವ ಮುಂಚೆ ತಲೆ ಎತ್ತಿ ನೋಡಿದರೆ ಚಾವಣಿಯಲ್ಲಿ ಆರು ಮೂಲೆಯ ನಕ್ಷತ್ರ. ಯಹೂದಿಗಳ ಗುರುತು ಅದು. ಕೆಳಗೆ ತೆರೆಯ ಮೇಲೆ ಯಾವ ತಾರೆ ಬಂದು ಹೋದರೂ, ಮೇಲಿನ ಆ ತಾರೆ ಮಾತ್ರ ಹೆಸರು ಬದಲಿಸಿಲ್ಲ.

ಸರಿ, ನಿಮ್ಮ ಬಸ್ಸು ಬಂತು. ಹತ್ತಿ!